ಬೇಕೆಂದೇ ನಿಧಾನ

ಸಮೇತನಹಳ್ಳಿ
2 ಜೂನ್ 2025

ಅಕ್ಕನಿಗೆ ಚಂದನ ಬರೆಯುವುದು.

ಕಾಗದ ನೋಡಿ ಹೆದರಬೇಡ, ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನೀನು ಅನಿಲ್ ಭಾವನನ್ನು ಮದುವೆಯಾಗಿ ಮನೆ ಬಿಟ್ಟ ವಾರ ಅಪ್ಪ ನನ್ನನ್ನೂ ಅಮ್ಮನನ್ನೂ ದೀಪದ ಮುಂದೆ ನಿಲ್ಲಿಸಿ ಆಣೆ ಮಾಡಿಸಿದ. ನಿನಗೆ ಫೋನ್ ಮಾಡಬಾರದು, ನಿನ್ನ ಮನೆಯ ಹೊಸಿಲು ತುಳಿಯಬಾರದು ಎಂದು. ಕಾಗದದ ಮಾತು ಅವನು ಎತ್ತಲಿಲ್ಲ. ಅದು ನನ್ನ ತಲೆಗೆ ಹೊಳೆಯುವುದಕ್ಕೆ ಎರಡು ವರ್ಷ ಹಿಡಿಯಿತು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು, ನಗಬೇಡ.

ಬರೆಯುವ ಕಾರಣ ಇದೆ. ಊರಿನ ಹೂವನ್ನೆಲ್ಲ ಹರಾಜಿನ ಶೆಡ್ಡಿಗೆ ಸಾಗಿಸುವ ವ್ಯಾನಿನ ಸಿದ್ದರಾಜಣ್ಣ ಹೋದ ವಾರ ಲೆಕ್ಕದ ಚೀಟಿ ತರುವುದಕ್ಕೆಂದು ದೊಡ್ಡಬಳ್ಳಾಪುರದ ಹೂ ಬೆಳೆಗಾರರ ಸಂಘದ ಆಫೀಸಿಗೆ ಹೋಗಿದ್ದ. ಬಂದವನೇ ನನ್ನನ್ನು ಪಾಲಿಹೌಸಿನ ಹಿಂದಕ್ಕೆ ಕರೆದು, “ನಿಮ್ಮಕ್ಕ ಕಣಮ್ಮಾ! ಕಂಪ್ಯೂಟ್ರು ಮುಂದೆ ಕುಂತವ್ಳೆ. ನಾನ್ ಬಾಗ್ಲಿಂದ್ಲೇ ನೋಡ್ಬುಟ್ಟು ವಾಪಸ್ ಬಂದ್ಬಿಟ್ಟೆ. ಸಂಘದ ಸರ್ವರ್ ನೋಡ್ಕೊಳ್ಳೋದು ಅವ್ಳೇಯಂತೆ” ಎಂದ. ನನಗೆ ಅಳು ಬಂತು. ಅವನು ನಕ್ಕ. ಅಪ್ಪನಿಗೆ ಇನ್ನೂ ಗೊತ್ತಿಲ್ಲ.

ಹಾಗಾದರೆ ಬೆಳಿಗ್ಗೆ ನಮ್ಮ ಫೋನಿನಲ್ಲಿ ತಿರುಗುವ ಆ ಚಕ್ರ ನಿನ್ನದೇ ಏನು?

ಮುಂಚೆ ಘಾಟಿ ಜಾತ್ರೆಯಲ್ಲಿ ದನದ ವ್ಯಾಪಾರ ಮಾಡುವ ಹಾಗೆ ಟವಲಿನ ಕೆಳಗೆ ಬೆರಳು ಹಿಡಿದು ಮಂಡಿಯವನಿಗೆ ನಮ್ಮ ಕೆಳಬೆಲೆ ಹೇಳುತ್ತಿದ್ದರು. ಅದಕ್ಕಿಂತ ಕಡಿಮೆಗೆ ಹೂ ಕೊಡುವಂತಿಲ್ಲ. ಈಗ ಆ ಬೆಲೆಯನ್ನು ಹರಾಜು ಶುರುವಾಗುವ ಮುಂಚೆ ಫೋನಿನಲ್ಲೇ ಹಾಕಬೇಕು. ಅಪ್ಪ ಜಗಲಿಯ ಮೇಲೆ ಗೋಡೆ ಕಡೆ ಮುಖ ಮಾಡಿ ಕೂತು ಪಾಸ್‌ವರ್ಡ್ ಒತ್ತುತ್ತಾನೆ. ನಮಗೂ ತೋರಿಸುವುದಿಲ್ಲ. ಆಮೇಲೆ ಚಕ್ರ ತಿರುಗುತ್ತದೆ. ತಿರುಗುತ್ತಲೇ ಇರುತ್ತದೆ. ಅಷ್ಟರಲ್ಲಿ ಹೊತ್ತು ಮೀರಿದರೆ ನಮ್ಮ ಪೆಟ್ಟಿಗೆಯನ್ನು ಕೊನೆಗೆ ತಳ್ಳುತ್ತಾರೆ. ಕೊನೆಗೆ ಬಿದ್ದ ಗುಲಾಬಿಯನ್ನು ಎಸಳು ಕಿತ್ತು ಉದುರಿಸುವವರು ಕೊಳ್ಳುತ್ತಾರೆ. ಇಷ್ಟುದ್ದ ಕಡ್ಡಿ ಬಿಟ್ಟು ಮಗುವಿನ ಹಾಗೆ ಸಾಕಿದ ಹೂ. ಹೋದ ಸೋಮವಾರ ನಮಗೆ ಹಾಗೇ ಆಯಿತು.

ನಿನ್ನ ಕೈಯಲ್ಲೇ ಇರುವ ಕೆಲಸವಾದರೆ ಅದನ್ನು ಬೇಗ ಮಾಡು ಅಕ್ಕ. ಈ ಕಾಗದವನ್ನು ಸಿದ್ದರಾಜಣ್ಣ ನಿನ್ನ ಆಫೀಸಿನ ಕೆಳಗಿನ ನೂಲಿನ ಅಂಗಡಿಯಲ್ಲಿ ಕೊಟ್ಟು ಬರುತ್ತಾನೆ. ನೀನೂ ಅಲ್ಲೇ ಕೊಟ್ಟಿರು.

ನಿನ್ನ ತಂಗಿ,
ಚಂದನ

❖

ದೊಡ್ಡಬಳ್ಳಾಪುರ
9 ಜೂನ್ 2025

ಚಂದೂ,

ನಿನ್ನ ಕಾಗದವನ್ನು ನೂಲಿನಂಗಡಿಯ ಮೆಟ್ಟಿಲ ಮೇಲೇ ಕೂತು ಓದಿದೆ. ಅಂಗಡಿಯವರು ನೀರು ತಂದುಕೊಟ್ಟರು. ಅಮ್ಮನ ಮಂಡಿನೋವು ಹೇಗಿದೆ ಎಂದು ನೀನು ಬರೆದಿಲ್ಲ. ಮುಂದಿನ ಸಲ ಬರಿ.

ಚಕ್ರ ನನ್ನದೇ. ಇನ್ನೂ ಹೇಳಬೇಕೆಂದರೆ, ಅದು ನಿಧಾನವಾಗಿರುವುದು ಯಂತ್ರ ಕೆಟ್ಟಿರುವುದರಿಂದ ಅಲ್ಲ. ನಾನೇ ಬೇಕೆಂದು ನಿಧಾನ ಮಾಡಿಟ್ಟಿದ್ದೇನೆ.

ಬಯ್ಯುವ ಮುಂಚೆ ಕೇಳು. ನೀವು ಹಾಕುವ ಪಾಸ್‌ವರ್ಡನ್ನು ನಾನು ಇದ್ದ ಹಾಗೇ ಎತ್ತಿಡುವುದಿಲ್ಲ. ರಾಗಿ ಬೀಸಿದ ಹಾಗೆ ಬೀಸಿ ಹಿಟ್ಟನ್ನು ಮಾತ್ರ ಇಟ್ಟುಕೊಳ್ಳುತ್ತೇನೆ. ನಮ್ಮ ಕೆಲಸದಲ್ಲಿ ಇದಕ್ಕೆ ಹ್ಯಾಶ್ ಎನ್ನುತ್ತಾರೆ. ಹಿಟ್ಟಿನಿಂದ ಮತ್ತೆ ಕಾಳು ಮಾಡಲು ಯಾರಿಂದಲೂ ಆಗುವುದಿಲ್ಲ. ಮಾರನೆಯ ದಿನ ಅಪ್ಪ ಪಾಸ್‌ವರ್ಡ್ ಒತ್ತಿದಾಗ ಸರ್ವರ್ ಅದನ್ನು ಹೊಸದಾಗಿ ಬೀಸುತ್ತದೆ. ಹೊಸ ಹಿಟ್ಟು ಹಳೆಯ ಹಿಟ್ಟಿಗೆ ಸರಿಹೋದರೆ ಬಾಗಿಲು ತೆಗೆಯುತ್ತದೆ. ಇಬ್ಬರು ಒಂದೇ ಪಾಸ್‌ವರ್ಡ್ ಇಟ್ಟಿದ್ದರೂ ಹಿಟ್ಟು ನೋಡಿ ತಿಳಿಯಬಾರದೆಂದು ಒಬ್ಬೊಬ್ಬರದಕ್ಕೂ ಬೇರೆ ಬೇರೆ ಚಿಟಿಕೆ ಉಪ್ಪು ಬೆರೆಸುತ್ತೇನೆ.

ಇಷ್ಟಾದರೂ ಕಳ್ಳನಿಗೆ ಒಂದು ದಾರಿ ಉಳಿಯುತ್ತದೆ. ಹಿಟ್ಟನ್ನೆಲ್ಲ ಕದ್ದುಕೊಂಡು ಹೋಗಿ, ಇದಿರಬಹುದು, ಅದಿರಬಹುದು ಎಂದು ಒಂದೊಂದೇ ಕಾಳನ್ನು ತಾನೇ ಬೀಸಿ ನೋಡುವುದು. ಕಲ್ಲು ಹಗುರವಾಗಿದ್ದರೆ ಒಂದು ಮಧ್ಯಾಹ್ನದಲ್ಲಿ ಊರಿನವರದನ್ನೆಲ್ಲ ಬೀಸಿ ಮುಗಿಸುತ್ತಾನೆ. ಕಲ್ಲು ಭಾರವಾಗಿದ್ದರೆ ಅವನ ಆಯಸ್ಸು ಸಾಲದು. ಅದಕ್ಕೇ ಭಾರದ ಕಲ್ಲು ಹಾಕಿದೆ. ನಮ್ಮವರು ಸಂಘಕ್ಕೆ ಒಂದು, ಬ್ಯಾಂಕಿಗೆ ಒಂದು ಎಂದು ಬೇರೆ ಬೇರೆ ಪಾಸ್‌ವರ್ಡ್ ಇಡುತ್ತಾರೆ ಎಂದುಕೊಂಡಿದ್ದೀಯಾ? ಇಲ್ಲಿ ಹೋದರೆ ಅಲ್ಲೂ ಹೋಯಿತು.

ಒಬ್ಬರಿಗೆ ಬೀಸಲು ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ಕಷ್ಟ ಇರುವುದು ಎಲ್ಲರೂ ಬೆಳಿಗ್ಗೆ ಒಂದೇ ಸಲ ಬರುವುದರಲ್ಲಿ. ಫ್ಲೋರ್ ಮಿಲ್ಲಿನ ಮುಂದೆ ಹಬ್ಬದ ಹಿಂದಿನ ದಿನ ನಿಲ್ಲುವ ಹಾಗೆ ಸಾಲು ನಿಲ್ಲುತ್ತದೆ. ಇನ್ನೊಂದು ಸರ್ವರ್ ಕೊಡಿಸಿ ಎಂದರೆ ಸಂಘ ಒಪ್ಪಲಿಲ್ಲ. ಕಾರ್ಯದರ್ಶಿ ಮಂಜೇಶ್ ಸಾರ್ ವರಮಹಾಲಕ್ಷ್ಮಿ ಹಬ್ಬದವರೆಗೆ ಗಡುವು ಕೊಟ್ಟಿದ್ದಾರೆ. ಅಷ್ಟರಲ್ಲಿ ಚಕ್ರ ನಿಲ್ಲದಿದ್ದರೆ ಕೆಲಸವನ್ನು ಬೇರೆ ಕಂಪನಿಗೆ ಕೊಡುತ್ತಾರಂತೆ. ಆಗ ನನ್ನನ್ನು ಬಿಡಿಸುತ್ತಾರೆ. ಅನಿಲ್ ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ಶಿಫ್ಟಿಗೆ ಹೋಗುತ್ತಾನೆ, ಅದರಲ್ಲಿ ಊಟಕ್ಕೆ ತೊಂದರೆಯಿಲ್ಲ. ಆದರೆ ಈ ಕೆಲಸ ನಾನು ಕಟ್ಟಿದ್ದು ಚಂದೂ. ನಮ್ಮೂರಿನ ಹೂ ದಿನವೂ ನನ್ನ ಕಣ್ಣ ಮುಂದೆ ಸಾಗುತ್ತದೆ. ಪರದೆಯ ಮೇಲೆ ಬರೀ ಹೆಸರು, ಪೆಟ್ಟಿಗೆಯ ಲೆಕ್ಕ. ಆದರೂ ನೋಡುತ್ತೇನೆ.

ನಿನ್ನ
ಪ್ರಮೋದಾ

❖

ಸಮೇತನಹಳ್ಳಿ
17 ಜೂನ್ 2025

ಅಕ್ಕ,

ಅಮ್ಮನ ಮಂಡಿ ಹಾಗೇ ಇದೆ. ನಿನ್ನ ಕಾಗದವನ್ನು ಅವಳಿಗೆ ಓದಿ ಹೇಳಿದೆ. ಬೀಸುವ ಕಲ್ಲಿನ ಭಾಗ ಬಂದಾಗ, “ಅಯ್ಯೋ, ಒಂದು ದಿನ ಮನೇಲಿ ರಾಗಿ ಬೀಸಿದೋಳಲ್ಲ, ಅಲ್ಲಿ ಹೋಗಿ ಊರೋರದ್ದೆಲ್ಲ ಬೀಸ್ತಾ ಕುಂತವ್ಳಾ?” ಎಂದಳು. ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಬಹಳ ಹೊತ್ತು ಒರೆಸಿಕೊಂಡಳು.

ನನ್ನ ದಡ್ಡತನಕ್ಕೆ ಒಂದು ಮಾತು ಕೇಳುತ್ತೇನೆ. ನಮ್ಮಂಥವರ ಪಾಸ್‌ವರ್ಡ್ ಕದ್ದು ಯಾವ ಕಳ್ಳ ಉದ್ಧಾರವಾಗುತ್ತಾನೆ? ಗುಲಾಬಿ ಬೆಳೆಯುವವನ ಮನೆಗೆ ಕಲ್ಲಿನ ಬಾಗಿಲು ಯಾಕೆ? ನಿನ್ನ ಕೆಲಸ ಉಳಿಯುವುದಾದರೆ ಸ್ವಲ್ಪ ಹಗುರದ ಕಲ್ಲು ಹಾಕು. ಯಾರಿಗೂ ಗೊತ್ತಾಗುವುದಿಲ್ಲ.

ಮತ್ತೆ, ಅಪ್ಪನ ಪಾಸ್‌ವರ್ಡ್ ಏನೆಂದು ನಿನಗೆ ಅಲ್ಲಿ ಕಾಣಿಸುತ್ತದೆಯೇ? ಕಂಡರೆ ನನಗೆ ಹೇಳಬೇಡ. ಸುಮ್ಮನೆ ಕೇಳಿದೆ.

ಚಂದನ

❖

ದೊಡ್ಡಬಳ್ಳಾಪುರ
1 ಜುಲೈ 2025

ಚಂದೂ,

ಕಾಣಿಸುವುದಿಲ್ಲ. ನನಗೂ ಹಿಟ್ಟೇ ಕಾಣುವುದು. ಯಾರು ಕೇಳಿದರೂ ನನ್ನಿಂದ ಹೇಳಲಾಗಬಾರದು ಎಂದೇ ಹಾಗೆ ಮಾಡಿದ್ದು. ಕೆಲವು ದಿನ ಅವನು ಬೆಲೆ ಹಾಕಿದ ಗಳಿಗೆಯನ್ನು ನೋಡುತ್ತೇನೆ. ಬೇಗ ಹಾಕಿದ್ದರೆ ಚೆನ್ನಾಗಿ ನಿದ್ದೆ ಮಾಡಿ ಎದ್ದಿದ್ದಾನೆ ಎಂದುಕೊಳ್ಳುತ್ತೇನೆ.

ನಿನ್ನ ಮಾತು ಕೇಳಿದೆ. ಕಲ್ಲನ್ನು ಹಗುರ ಮಾಡಿದೆ. ಮನಸ್ಸಿಗೆ ಬಾಗಿಲು ಓರೆ ಮಾಡಿ ಮಲಗಿದ ಹಾಗಿತ್ತು. ವಿಚಿತ್ರವೆಂದರೆ, ಅಷ್ಟಾದರೂ ಸಾಲು ಕರಗಲಿಲ್ಲ. ಏನಿದು ಎಂದು ಬೆಳಿಗ್ಗೆ ಬಂದುಹೋದವರ ಗುರುತನ್ನೆಲ್ಲ ತೆಗೆದು ನೋಡಿದೆ. ಸದಸ್ಯರು ಇರುವುದಕ್ಕಿಂತ ಎಷ್ಟೋ ಪಟ್ಟು ಕಾಳು ಬೀಳುತ್ತಿದೆ! ಅದರಲ್ಲೂ ಎಲ್ಲಕ್ಕಿಂತ ಹೆಚ್ಚು ಕಾಳು ಸುರಿಯುವ ಒಂದೇ ಒಂದು ಫೋನಿನಿಂದ ಒಬ್ಬರ ಹೆಸರಾದ ಮೇಲೆ ಇನ್ನೊಬ್ಬರ ಹೆಸರಿನಲ್ಲಿ ಒಳಗೆ ಬರುತ್ತಿದ್ದಾರೆ, ಹೊರಗೆ ಹೋಗುತ್ತಿದ್ದಾರೆ, ಮತ್ತೆ ಬರುತ್ತಿದ್ದಾರೆ. ಒಬ್ಬ ಮನುಷ್ಯನಿಗೆ ಅಷ್ಟೊಂದು ಹೆಸರು ಯಾಕೆ ಬೇಕು? ಕಳ್ಳರು ಮಾಡುವುದೇ ಹೀಗೆ.

ನಿನಗೆ ಮೊದಲು ಹೇಳುತ್ತಿದ್ದೇನೆ, ಮಂಜೇಶ್ ಸಾರಿಗೂ ಇನ್ನೂ ಹೇಳಿಲ್ಲ. ನಾಳೆ ಬೆಳಿಗ್ಗೆಯಿಂದ ಆ ಫೋನನ್ನು ಬಾಗಿಲಲ್ಲೇ ತಡೆಯುತ್ತೇನೆ. ಗಡುವಿಗೆ ಮುಂಚೆಯೇ ಚಕ್ರ ನಿಲ್ಲುತ್ತದೆ ನೋಡು. ಬಹಳ ದಿನದ ಮೇಲೆ ಖುಷಿಯಾಗಿದೆ.

ಪ್ರಮೋದಾ

❖

ಸಮೇತನಹಳ್ಳಿ
4 ಜುಲೈ 2025

ಅಕ್ಕ,

ನೀನು ತಡೆದದ್ದು ಕಳ್ಳನನ್ನಲ್ಲ. ಸಿದ್ದರಾಜಣ್ಣನನ್ನು.

ನಿನ್ನ ಕಾಗದ ಕೈಸೇರುವಾಗ ಎಲ್ಲ ಮುಗಿದುಹೋಗಿತ್ತು. ಇದನ್ನು ನಾನು ಮುಂಚೆಯೇ ಬರೆಯಬೇಕಿತ್ತೋ ಏನೋ. ನಿನಗೆ ಗೊತ್ತಿದೆ ಎಂದುಕೊಂಡಿದ್ದೆ. ಮಂಡಿಯ ಕಾಲದಲ್ಲೂ ಊರಿನವರೆಲ್ಲ ಮಂಡಿಗೆ ಹೋಗುತ್ತಿರಲಿಲ್ಲವಲ್ಲ? ವ್ಯಾನಿಗೆ ಪೆಟ್ಟಿಗೆ ಏರಿಸುವಾಗ ಡ್ರೈವರಿನ ಕೈ ಹಿಡಿದು ಟವಲಿನ ಕೆಳಗೆ ಬೆಲೆ ಹೇಳಿ ಕಳಿಸುತ್ತಿದ್ದರು. ಈಗಲೂ ಹಾಗೇ. ಬೆಲೆಯ ಜೊತೆಗೆ ಪಾಸ್‌ವರ್ಡನ್ನೂ ಸಿದ್ದರಾಜಣ್ಣನ ಕಿವಿಯಲ್ಲಿ ಹೇಳುತ್ತಾರೆ. ಅವನು ಶೆಡ್ಡಿನಲ್ಲಿ ನಿಂತು ತನ್ನ ಒಂದೇ ಫೋನಿನಲ್ಲಿ ಒಬ್ಬೊಬ್ಬರ ಹೆಸರಿನಲ್ಲೂ ಒಳಗೆ ಹೋಗಿ ಬೆಲೆ ಹಾಕಿ ಬರುತ್ತಾನೆ. ಬೇರೆ ಊರಿನ ವ್ಯಾನುಗಳೂ ಅಷ್ಟೇ.

ಬುಧವಾರ ಇಡೀ ಊರಿನ ಹೂ ಕೊನೆಗೆ ಬಿತ್ತು. ಎಸಳು ಕೀಳುವವರೂ ಅಷ್ಟನ್ನು ಕೊಳ್ಳಲಾರದೆ ಅರ್ಧ ಬಿಟ್ಟು ಹೋದರು. ವ್ಯಾನು ತುಂಬಿದ ಹಾಗೇ ವಾಪಸ್ ಬಂತು.

ನಮ್ಮ ಹೂ ಮಾತ್ರ ಮಾರಿತ್ತು.

ಅಪ್ಪ ಯಾರನ್ನೂ ನಂಬದೆ ತನ್ನ ಫೋನಿನಲ್ಲೇ ಬೆಲೆ ಹಾಕುತ್ತಾನಲ್ಲ, ಅದಕ್ಕೆ. ಆದರೆ ಅದನ್ನು ಯಾರು ಕೇಳುತ್ತಾರೆ? ತಾನೂ ಹೂ ಕಳೆದುಕೊಂಡ ಮುನಿರಾಮಯ್ಯ ಸಂಘದ ಆಫೀಸಿಗೆ ಜಗಳಕ್ಕೆ ಹೋದನಂತೆ. ಅಲ್ಲಿ ನಿನ್ನನ್ನು ನೋಡಿದ. ಸಾಯಂಕಾಲ ಅರಳಿಕಟ್ಟೆಯ ಹತ್ತಿರ ಅಪ್ಪನನ್ನು ನಿಲ್ಲಿಸಿಕೊಂಡು, “ಏನ್ ಪಿಳ್ಳಪ್ಪಾ, ಮಗ್ಳ ಜೊತೆ ಮಾತಿಲ್ಲ ಕತೆಯಿಲ್ಲ ಅಂತೀಯ, ಊರೋರ ಹೂವೆಲ್ಲ ತಿಪ್ಪೆಗೆ, ನಿನ್ನ ಹೂವು ಮಾತ್ರ ಹರಾಜಿಗೆ! ಒಳಗಿಂದೊಳಗೆ ಚೆನ್ನಾಗೇ ನಡ್ಸಿದೀರಪ್ಪ ಅಪ್ಪ ಮಗ್ಳು” ಎಂದ.

ಅಪ್ಪ ತಲೆ ತಗ್ಗಿಸಿಕೊಂಡು ಹೊರಟುಬಂದನಂತೆ. ಮನೆಗೆ ಬಂದು ಕಾಲು ತೊಳೆದು ಒಳಗೆ ಹೋದ. ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟ. “ಅವ್ಳು ಆ ಆಫೀಸ್ನಾಗೆ ಇರೋದು ನಿಂಗೆ ಗೊತ್ತಿತ್ತಾ?” ಎಂದು ನನ್ನನ್ನು ಕೇಳಿದ. ಹೌದು ಎಂದೆ. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆಯಲಿಲ್ಲ.

ಭಾನುವಾರ ಬೆಳಿಗ್ಗೆ ಅಪ್ಪ ಶೆಡ್ಡಿನಲ್ಲಿ ಎಲ್ಲರ ಎದುರಿಗೆ ನಿಂತು ಬೆಲೆ ಹಾಕಬೇಕು, ಅವನಿಗೆ ಮಾತ್ರ ಚಕ್ರ ತಿರುಗದೆ ಬಾಗಿಲು ತೆರೆಯುತ್ತದೆಯೋ ನೋಡೋಣ ಎಂದು ಊರಿನವರು ಹೇಳಿದ್ದಾರೆ. ಒಪ್ಪಿಕೊಂಡಿದ್ದಾನೆ. ನೀನೂ ಒಂದು ಸಲ ಶೆಡ್ಡಿಗೆ ಬಂದು ನೋಡಬೇಕು ಅಕ್ಕ. ನಮ್ಮವರ ಕಣ್ಣಿಗೆ ಬೀಳಬಾರದೆಂದು ನೀನು ಆ ಕಡೆ ತಲೆ ಹಾಕುವುದಿಲ್ಲ ಎಂದು ನನಗೆ ಗೊತ್ತು. ಆದರೂ.

ಚಂದನ

❖

ದೊಡ್ಡಬಳ್ಳಾಪುರ
8 ಜುಲೈ 2025

ಚಂದೂ,

ಹೋಗಿದ್ದೆ. ಸಿದ್ದರಾಜಣ್ಣ ಹೇಳಿರುತ್ತಾನೆ, ಆದರೂ ನಾನೇ ಬರೆಯಬೇಕು ಅನಿಸಿತು.

ಅನಿಲ್ ಬೈಕಿನಲ್ಲಿ ಶೆಡ್ಡಿನ ಗೇಟಿನವರೆಗೆ ಬಿಟ್ಟ. ಒಳಗೆ ಬರಲೇ ಎಂದ. ಬೇಡ ಎಂದೆ. ನಮ್ಮೂರಿನ ವ್ಯಾನಿನ ಹತ್ತಿರ ಏಳೆಂಟು ಜನ ಇದ್ದರು. ನನ್ನನ್ನು ನೋಡಿ ಮಾತು ನಿಲ್ಲಿಸಿದರು. ನಾನು ನೇರವಾಗಿ ಹೋಗಿ, ಬುಧವಾರ ಫೋನ್ ತಡೆದದ್ದು ನಾನೇ, ಕಳ್ಳ ಎಂದುಕೊಂಡೆ, ತಪ್ಪಾಯಿತು, ಆ ತಡೆ ಅವತ್ತೇ ತೆಗೆದಿದ್ದೇನೆ ಎಂದೆ. ಕೆಲವರು ಪೆಟ್ಟಿಗೆ ಇಳಿಸುವುದಕ್ಕೆ ತಿರುಗಿಕೊಂಡರು. ಸಿದ್ದರಾಜಣ್ಣನೇ, “ಇಪ್ಪತ್ ವರ್ಷದಿಂದ ಸ್ಟೇರಿಂಗ್ ಹಿಡ್ದಿದೀನಿ, ನನ್ನ ಮಕ ನೋಡಿದ್ರೆ ಕಳ್ಳನ ತರ ಕಾಣುತ್ತೇನಮ್ಮಾ?” ಎಂದ. “ಸರ್ವರ್‌ಗೆ ಮಕ ಕಾಣಲ್ಲ ಅಣ್ಣ” ಎಂದೆ. ಒಬ್ಬರು ನಕ್ಕರು.

ಅವನು ಕೆಲಸ ಮಾಡುವುದನ್ನು ನೋಡುತ್ತ ನಿಂತೆ. ಊರಿನವರ ಪಾಸ್‌ವರ್ಡೆಲ್ಲ ಅವನಿಗೆ ಬಾಯಿಪಾಠ. ಸೋಬಾನೆಯ ಹಾಗೆ ರಾಗ ಎಳೆದು ಒಂದೊಂದನ್ನೇ ಹೇಳಿಕೊಳ್ಳುತ್ತ ಒತ್ತುತ್ತಾನೆ. ಪಕ್ಕದಲ್ಲಿ ಟೀ ಕುಡಿಯುವವನಿಗೂ ಕೇಳಿಸುತ್ತದೆ. “ಅಣ್ಣ, ಮನಸ್ಸಲ್ಲಿ ಹೇಳ್ಕೋಬಾರ್ದಾ?” ಎಂದೆ. “ಮನಸ್ನಾಗೆ ಹೇಳ್ಕೊಂಡ್ರೆ ಮರ್ತೋಗುತ್ತಮ್ಮ.” ನಾನು ಭಾರದ ಕಲ್ಲು ಹಾಕಿಕೊಂಡು ಇಲ್ಲಿ ಬೀಸಿದ್ದೇ ಬೀಸಿದ್ದು!

ಚಕ್ರ ತಿರುಗಿದ ಕೂಡಲೇ ಅವನು ಮತ್ತೆ ಒತ್ತುತ್ತಾನೆ. ಮತ್ತೆ ಮತ್ತೆ. ಯಾಕೆ ಎಂದು ಕೇಳಿದೆ. “ಪಂಪ್‌ಸೆಟ್ ಸ್ಟಾರ್ಟರು ಮೊದಲ್ನೇ ಸಲ ಹಿಡೀಲಿಲ್ಲ ಅಂದ್ರೆ ಇನ್ನೊಂದ್ ಸಲ ಒತ್ತಲ್ವಾ?” ಅವನು ಒತ್ತಿದಾಗಲೆಲ್ಲ ಸರ್ವರ್ ಅದೇ ಕಾಳನ್ನು ಹೊಸದಾಗಿ ಬೀಸಲು ಕೂರುತ್ತದೆ. ಇವರು ಒತ್ತುತ್ತಾರೆಂದು ಅದು ನಿಧಾನವಾಗುತ್ತದೆ, ಅದು ನಿಧಾನವಾಯಿತೆಂದು ಇವರು ಒತ್ತುತ್ತಾರೆ. ಆಫೀಸಿನ ಕುರ್ಚಿಯಲ್ಲಿ ಕೂತು ಇದನ್ನು ನಾನು ಎಷ್ಟು ವರ್ಷ ನೋಡಿದ್ದರೂ ಕಾಣುತ್ತಿರಲಿಲ್ಲ.

ಅಪ್ಪ ವ್ಯಾನಿನ ಆ ಬದಿಯಲ್ಲಿದ್ದ.

ಇಳಿದು ಹೋಗಿದ್ದಾನೆ ಚಂದೂ. ನೀನು ಅದನ್ನೂ ಬರೆಯಲಿಲ್ಲ. ಸುತ್ತಲೂ ಜನ ನಿಂತಿದ್ದರು, ಮುನಿರಾಮಯ್ಯನವರು ಅವನ ಮುಂದೆಯೇ ಇದ್ದರು. ಅಪ್ಪ ಎಲ್ಲರಿಗೂ ಬೆನ್ನು ತೋರಿಸಿ ವ್ಯಾನಿನ ತಗಡಿಗೆ ಹಣೆ ತಾಗಿಸಿಕೊಂಡು ಪಾಸ್‌ವರ್ಡ್ ಒತ್ತಿ, ಆಮೇಲೆ ತಿರುಗಿ ಫೋನನ್ನು ಎತ್ತಿ ಹಿಡಿದ. ಚಕ್ರ ತಿರುಗುತ್ತಿತ್ತು. ಅವನ ಕಣ್ಣು ನನ್ನ ಮೇಲೆ ಬಿತ್ತು. ನನ್ನನ್ನು ದಾಟಿ ಹೋಗಿ ಸಿದ್ದರಾಜಣ್ಣನ ಮೇಲೆ ನಿಂತಿತು.

“ಲೇ ಸಿದ್ದರಾಜು, ಆ ಆಫೀಸ್ನೋರಿಗೆ ಹೇಳ್ಲಾ, ನಂದೂ ತಿರುಗ್ತಾನೇ ಐತೆ ಅಂತ.”

ಮಾರು ದೂರದಲ್ಲಿ ನಿಂತಿದ್ದೆ. ಸಿದ್ದರಾಜಣ್ಣ ಒಮ್ಮೆ ಅವನನ್ನು, ಒಮ್ಮೆ ನನ್ನನ್ನು ನೋಡಿ, “ಕೇಳಿಸ್ತೇನಮ್ಮಾ?” ಎಂದ.

“ಮತ್ತೆ ಒತ್ತಬೇಡಿ ಅಂತ ಹೇಳಿ ಅಣ್ಣ. ಒಂದು ಸಲ ಒತ್ತಿ ಸುಮ್ಮನಿದ್ದರೆ ಆಗುತ್ತೆ.”

“ಸುಮ್ನೇ ಇದೀನಿ ಅಂತ ಹೇಳ್ಲಾ. ನಾನ್ ಯಾವತ್ತೂ ಎರಡ್ ಸಲ ಒತ್ತಲ್ಲ.”

“ಗೊತ್ತು ಅಂತ ಹೇಳಿ.”

ಸಿದ್ದರಾಜಣ್ಣ, “ಅಯ್ಯೋ, ಇಬ್ರಿಗೂ ಕಿವಿ ಚೆನ್ನಾಗವೆ, ನನ್ನ ಹೆಸ್ರಲ್ಲಿ ಯಾಕ್ರಪ್ಪ ಬೆಲೆ ಹಾಕ್ತೀರಿ?” ಎಂದ. ಜನ ಗೊಳ್ಳೆಂದರು. ಅಪ್ಪ ನಗಲಿಲ್ಲ. ಚಕ್ರ ನಿಂತು ಬಾಗಿಲು ತೆರೆಯಿತು. ಅವನು ಬೆಲೆ ಹಾಕಿ ಫೋನನ್ನು ಮುನಿರಾಮಯ್ಯನವರ ಮುಖಕ್ಕೆ ಹಿಡಿದು, ಅಂಗಿಯ ಜೇಬಿಗೆ ಹಾಕಿಕೊಂಡು ಹೊರಟುಹೋದ. ನನ್ನ ಪಕ್ಕದಲ್ಲೇ ಹೋದ. ಬೀಡಿಯ ವಾಸನೆ ಇರಲಿಲ್ಲ. ಬಿಟ್ಟಿದ್ದಾನಾ?

ಏನು ಮಾಡಬೇಕೆಂದು ಈಗ ಗೊತ್ತಾಗಿದೆ. ಬೀಸುವುದನ್ನು ಬೆಳಿಗ್ಗೆಯ ನೂಕುನುಗ್ಗಲಿಗೆ ಇಟ್ಟುಕೊಳ್ಳುವುದೇ ತಪ್ಪು. ಹಿಂದಿನ ಸಾಯಂಕಾಲ ಹೂ ಕೊಯ್ದು ಬಕೆಟ್ಟಿಗೆ ಹಾಕುವ ಹೊತ್ತಿನಲ್ಲಿ ಅವರವರ ಮನೆಯಲ್ಲೇ ಒಂದು ಸಲ ಪಾಸ್‌ವರ್ಡ್ ಹಾಕಲಿ. ಆಗ ಒಬ್ಬೊಬ್ಬರೂ ಒಂದೊಂದು ಹೊತ್ತಿಗೆ ಬರುತ್ತಾರೆ. ಬೀಸಿ ನೋಡಿ ಫೋನಿಗೆ ಒಂದು ಗುಟ್ಟಿನ ಚೀಟಿ ಕೊಡುತ್ತೇನೆ. ಬೆಳಿಗ್ಗೆ ಚೀಟಿ ತೋರಿಸಿದರೆ ಸಾಕು, ಬೀಸಬೇಕಾಗಿಲ್ಲ. ಮಧ್ಯಾಹ್ನಕ್ಕೆ ಆ ಚೀಟಿ ಸತ್ತುಹೋಗುತ್ತದೆ. ಯಾರಾದರೂ ಎರಡು ಸಲ ಒತ್ತಿದರೂ ಎರಡನೆಯದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಿದ್ದರಾಜಣ್ಣನಿಗೆ ಪಾಸ್‌ವರ್ಡ್ ಹೇಳುವುದೂ ಬೇಡ. ನನ್ನ ಪರವಾಗಿ ಇವನು ಬೆಲೆ ಹಾಕಬಹುದು ಎಂದು ಬೆಳೆಗಾರರು ಫೋನಿನಲ್ಲೇ ಒಪ್ಪಿಗೆ ಕೊಟ್ಟರೆ ಅವನು ತನ್ನ ಹೆಸರಿನಲ್ಲೇ ಒಳಗೆ ಬಂದು ಎಲ್ಲರದನ್ನೂ ಹಾಕುತ್ತಾನೆ.

ಭಾರದ ಕಲ್ಲನ್ನು ಮತ್ತೆ ಏರಿಸಿದ್ದೇನೆ.

ಆದರೆ ಬುಧವಾರದ ಗಲಾಟೆಯಿಂದ ಮಂಜೇಶ್ ಸಾರ್ ರೋಸಿಹೋಗಿದ್ದಾರೆ. ಹಬ್ಬದವರೆಗೂ ಕಾಯುವುದಿಲ್ಲ, ತಿಂಗಳ ಕೊನೆಯ ಸಭೆಯಲ್ಲೇ ಹೊಸ ಕಂಪನಿಯವರನ್ನು ಕರೆಸುತ್ತೇನೆ ಎಂದಿದ್ದಾರೆ. ನನ್ನನ್ನು ಸಭೆಗೆ ಕರೆದಿಲ್ಲ. ಮಾಡಬೇಕಾದ್ದನ್ನೆಲ್ಲ ಬರೆದು ಕೊಟ್ಟಿದ್ದೇನೆ. ಓದುತ್ತಾರೋ ಇಲ್ಲವೋ.

ಪ್ರಮೋದಾ

❖

ಸಮೇತನಹಳ್ಳಿ
29 ಜುಲೈ 2025

ಅಕ್ಕ,

ಬೀಡಿ ಬಿಟ್ಟು ಒಂದು ವರ್ಷವಾಯಿತು. ಯಾಕೆ ಬಿಟ್ಟ ಎಂದು ಯಾರಿಗೂ ಹೇಳಲಿಲ್ಲ.

ನಿನ್ನೆ ಸಭೆಗೆ ಅಪ್ಪನ ಜೊತೆ ನಾನೂ ಹೋಗಿದ್ದೆ. ನೋಟೀಸು ಓದಿ ಹೇಳುವವರು ಬೇಕಲ್ಲ ಎಂದು ಅವನೇ ಕರೆದ. ನಾನು ಹಿಂದಿನ ಸಾಲಿನಲ್ಲಿ ಹೆಂಗಸರ ಜೊತೆ ಕೂತೆ. ಎದ್ದು ನಿಂತು ನಿನ್ನ ಪರವಾಗಿ ಮಾತಾಡಬೇಕು ಎಂದು ವ್ಯಾನಿನಲ್ಲಿ ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡಿದ್ದೆ. ಅಲ್ಲಿ ಕೂತ ಮೇಲೆ ಏಳಲೇ ಇಲ್ಲ. ಕ್ಷಮಿಸು.

ಮಂಜೇಶ್ ನೀನು ಬರೆದು ಕೊಟ್ಟದ್ದನ್ನು ಓದಿದರು. ಗಡಿಬಿಡಿಯಲ್ಲೇ ಓದಿದರು. ಆಮೇಲೆ ಹೊಸ ಕಂಪನಿಯವನು ಎದ್ದ. ಅವನ ಮಾತು ಚೆನ್ನಾಗಿತ್ತು. ಬಟನ್ ಒತ್ತಿದ ತಕ್ಷಣ ಒಳಗೆ, ಕಾಯುವ ಮಾತೇ ಇಲ್ಲ ಎಂದ. ಎಲ್ಲರೂ ತಲೆಯಾಡಿಸಿದರು. “ಅಷ್ಟೇ ಅಲ್ಲ, ನೀವೇನಾದ್ರೂ ಪಾಸ್‌ವರ್ಡ್ ಮರೆತ್ರೆ ನಮಗೊಂದು ಫೋನ್ ಮಾಡಿ ಸಾಕು. ನಿಮ್ಮ ಪಾಸ್‌ವರ್ಡ್ ಏನು ಅಂತ ನಾವೇ ಹೇಳ್ಬಿಡ್ತೀವಿ” ಎಂದ. ಚಪ್ಪಾಳೆ ಬಿತ್ತು. ಮುನಿರಾಮಯ್ಯ ಎರಡೂ ಕೈ ಎತ್ತಿ ಹೊಡೆದ.

ಚಪ್ಪಾಳೆ ನಿಂತ ಮೇಲೆ ಅಪ್ಪ ಕೂತಲ್ಲಿಂದಲೇ ಕೇಳಿದ.

“ನನ್ನ ಗುಟ್ಟು ನನಗೇ ಮರ್ತೋದಾಗ ನೀನು ಹೇಳ್ತೀಯ ಅಂದ್ರೆ, ಅದು ನಿನಗೆ ಗೊತ್ತಿರುತ್ತೆ ಅಂತಾಯ್ತಲ್ಲಪ್ಪ?”

ಅವನು ನಕ್ಕು, “ನಮ್ಮ ಹತ್ರ ಭದ್ರವಾಗಿರುತ್ತೆ ಯಜಮಾನ್ರೇ” ಎಂದ.

“ಭದ್ರವಾಗಿರುತ್ತೋ ಇಲ್ವೋ ಆಮೇಲಿನ ಮಾತು. ಗೊತ್ತಿರುತ್ತೋ ಇಲ್ವೋ ಅದನ್ ಹೇಳು.”

ಅವನು ಮಂಜೇಶ್ ಮುಖ ನೋಡಿದ. ಮುನಿರಾಮಯ್ಯ ತಿರುಗಿ, “ಓಹೋ, ಮಗ್ಳ ಕೆಲ್ಸ ಉಳಿಸೋಕೆ ವಕಾಲತ್ತು ಶುರುವಾಯ್ತಪ್ಪ!” ಎಂದ. ಆಗ ಅಪ್ಪ ಎದ್ದು ನಿಂತ. ಟವಲ್ ಕೊಡವಿ ಹೆಗಲಿಗೆ ಹಾಕಿಕೊಂಡ.

“ಮಗ್ಳ ಮಾತು ಎತ್ತಿದ್ದು ನೀನು. ನಾನ್ ಆಡ್ತಿರೋದು ನನ್ನ ಗುಲಾಬಿ ಮಾತು. ನನ್ನ ಕೆಳಬೆಲೆ ಹೊಟ್ಟೇಲಿ ಹುಟ್ಟಿದೋರ್ಗೂ ನಾನ್ ಹೇಳ್ದೋನಲ್ಲ. ಈಗಿರೋ ಸಿಸ್ಟಮ್ಮು ನಿಧಾನ ಐತೆ, ಹೌದು, ನಾನೂ ಬೈದಿದೀನಿ. ಆದ್ರೆ ಅಲ್ಲಿ ಕುಂತೋರಿಗೆ ನನ್ನ ಗುಟ್ಟು ಗೊತ್ತಿಲ್ಲ. ಇವ್ನಿಗೆ ಗೊತ್ತಿರುತ್ತಂತೆ. ಇವ್ನು ಯಾವೂರೋನೋ, ನಾಳೆ ಯಾರ ಜೊತೆ ಕುಂತು ಕಾಫಿ ಕುಡೀತಾನೋ. ಮುನಿರಾಮಯ್ಯಾ, ನಿನ್ನ ಬೆಲೆ ಇವ್ನಿಗೆ ಹೇಳು ನೋಡಾನ, ಈಗ್ಲೇ, ಎಲ್ರ ಮುಂದೆ.”

ಮುನಿರಾಮಯ್ಯ ತನ್ನ ಫೋನನ್ನು ಜೇಬಿಗೆ ಹಾಕಿಕೊಂಡ. ಹಿಂದಿನಿಂದ ದೊಡ್ಡಬೀರಪ್ಪ ತಾತ, “ಪಿಳ್ಳಪ್ಪ ಹೇಳೋದು ನ್ಯಾಯ ಐತೆ ಕಣ್ರಯ್ಯಾ. ಹಬ್ಬದ ತನಕ ನೋಡಾನ” ಎಂದ. ಗುಜುಗುಜು ಶುರುವಾಯಿತು. ಕೊನೆಗೆ ಮಂಜೇಶ್, ಹಬ್ಬದ ದಿನ ಬೆಳಿಗ್ಗೆ ಒಂದು ಪೆಟ್ಟಿಗೆಯೂ ಕೊನೆಗೆ ಬೀಳಬಾರದು, ಬಿದ್ದರೆ ಮಾರನೆಯ ದಿನವೇ ಕೆಲಸವನ್ನು ಹೊಸ ಕಂಪನಿಗೆ ಕೊಡುತ್ತೇವೆ ಎಂದರು.

ವಾಪಸ್ ಬರುವಾಗ ವ್ಯಾನಿನಲ್ಲಿ ಅಪ್ಪ ಒಂದೇ ಮಾತಾಡಿದ. “ಸಾಯಂಕಾಲವೇ ಒತ್ಬೇಕು ಅಂತ ಬರ್ದವ್ಳಲ್ಲ, ಹೂವು ಕೊಯ್ಯೋಕೆ ಮುಂಚೆಯೋ, ಕೊಯ್ದ ಮೇಲೋ?” ಕೊಯ್ದ ಮೇಲೆ ಎಂದೆ. “ಕೈ ಒದ್ದೆ ಇರುತ್ತೆ” ಎಂದ. ಆಮೇಲೆ ಕಿಟಕಿ ಕಡೆ ತಿರುಗಿಕೊಂಡ.

ಈಗ ಎಲ್ಲ ನಿನ್ನ ಕೈಯಲ್ಲಿದೆ ಅಕ್ಕ.

ಚಂದನ

❖

ದೊಡ್ಡಬಳ್ಳಾಪುರ
10 ಆಗಸ್ಟ್ 2025

ಚಂದೂ,

ಒಂದು ಪೆಟ್ಟಿಗೆಯೂ ಬೀಳಲಿಲ್ಲ.

ಹಬ್ಬದ ಬೆಳಿಗ್ಗೆ ಆಫೀಸಿನಲ್ಲಿ ನಾನೊಬ್ಬಳೇ. ಹಿಂದಿನ ಸಾಯಂಕಾಲವೇ ಮುಕ್ಕಾಲು ಜನ ಪಾಸ್‌ವರ್ಡ್ ಹಾಕಿದ್ದರು. ಹೊತ್ತು ಶುರುವಾದಾಗ ಚೀಟಿಗಳು ಒಂದರ ಹಿಂದೊಂದು ಬಂದವು. ಸರ್ವರ್ ಉಸಿರೂ ಬಿಡಲಿಲ್ಲ. ಮರೆತಿದ್ದ ಕೆಲವರು ಬೆಳಿಗ್ಗೆ ಪಾಸ್‌ವರ್ಡ್ ಹಾಕಿದರು, ಅವರಿಗಷ್ಟು ಬೀಸಿ ಕೊಟ್ಟಿತು, ಭಾರದ ಕಲ್ಲಿನಲ್ಲೇ. ಸಾಲೇ ಇರಲಿಲ್ಲ. ಎಲ್ಲ ಮುಗಿದ ಮೇಲೆ ಮಂಜೇಶ್ ಸಾರ್ ಫೋನ್ ಮಾಡಿ, “ಏನಮ್ಮಾ, ಇವತ್ತು ಯಾರೂ ನನಗೆ ಬೈಯ್ಲೇ ಇಲ್ವಲ್ಲ” ಎಂದರು. ಹೊಸ ಕಂಪನಿಯ ಮಾತು ಎತ್ತಲಿಲ್ಲ. ಕೆಲಸ ಉಳಿಯಿತು ಎಂದುಕೊಂಡಿದ್ದೇನೆ.

ಸಭೆಯಲ್ಲಿ ಅಪ್ಪ ಆಡಿದ ಮಾತನ್ನು ಎಷ್ಟು ಸಲ ಓದಿದೆ ಎಂದು ಬರೆಯುವುದಿಲ್ಲ. ಅದು ಗುಲಾಬಿಯ ಮಾತು ಎಂದಿದ್ದಾನಲ್ಲ, ಹಾಗೇ ಇರಲಿ.

ಇನ್ನೊಂದು ಕೆಲಸ ಉಳಿದಿದೆ. ಇಷ್ಟು ದಿನ ವ್ಯಾನಿನವರ ಕಿವಿಯಲ್ಲಿ ಹೇಳಿದ ಪಾಸ್‌ವರ್ಡುಗಳೆಲ್ಲ ಬದಲಾಗಬೇಕು. ಊರೂರಿಗೂ ಒಂದೊಂದು ದಿನ ಗೊತ್ತು ಮಾಡಿದ್ದೇನೆ, ಅವರೇ ಖುದ್ದಾಗಿ ಆಫೀಸಿಗೆ ಬಂದು ನನ್ನ ಎದುರಿಗೆ ಹೊಸದನ್ನು ಇಡಬೇಕು. ನಾನು ಬೇರೆ ಕಡೆ ಮುಖ ತಿರುಗಿಸಿಕೊಂಡು ಕೂರುತ್ತೇನೆ. ಸಮೇತನಹಳ್ಳಿಯವರದು 20ನೇ ತಾರೀಖು, ಬುಧವಾರ. ಸಿದ್ದರಾಜಣ್ಣನೇ ವ್ಯಾನಿನಲ್ಲಿ ಎಲ್ಲರನ್ನೂ ಕರೆತರುತ್ತಾನೆ.

ಅಪ್ಪ ಬರಬೇಕಾಗಿಲ್ಲ. ಅವನದನ್ನು ಅವನು ಯಾರಿಗೂ ಹೇಳಿಲ್ಲ. ಅದೊಂದನ್ನು ಅವನಿಗೆ ತಿಳಿಸಿಬಿಡು. ಸುಮ್ಮನೆ ಅಷ್ಟು ದೂರ ಯಾಕೆ, ಬಿಸಿಲು ಬೇರೆ.

ಪ್ರಮೋದಾ

❖

ಸಮೇತನಹಳ್ಳಿ
19 ಆಗಸ್ಟ್ 2025

ಅಕ್ಕ,

ಇದನ್ನು ಅವಸರದಲ್ಲಿ ಬರೆಯುತ್ತಿದ್ದೇನೆ. ನಾಳೆ ವ್ಯಾನು ಹೊರಡುವ ಮುಂಚೆ ಸಿದ್ದರಾಜಣ್ಣನ ಕೈಗೆ ಕೊಡಬೇಕು.

ನೀನು ಹೇಳಿದ ಹಾಗೇ ಅಪ್ಪನಿಗೆ ತಿಳಿಸಿದೆ. ನಿನ್ನದು ಬದಲಾಯಿಸಬೇಕಾಗಿಲ್ಲವಂತೆ, ನೀನು ಹೋಗಬೇಕಾಗಿಲ್ಲವಂತೆ ಎಂದೆ. ಹೂಂ ಎಂದ. ಗುಲಾಬಿಯ ಕಡ್ಡಿ ಸವರುತ್ತ ಸವರುತ್ತ ಬೇಕಾದ್ದನ್ನೂ ಸವರಿಬಿಟ್ಟ. ಇವತ್ತು ಸಾಯಂಕಾಲ ಸಿದ್ದರಾಜಣ್ಣ ಪೆಟ್ಟಿಗೆ ಏರಿಸಲು ಬಂದಾಗ ಅವನನ್ನು ಜಗಲಿಗೆ ಕರೆದು ಕೂರಿಸಿದ.

“ಲೇ ಸಿದ್ದರಾಜು, ಅವತ್ತು ಶೆಡ್ನಾಗೆ ನಾನ್ ಒತ್ತೋವಾಗ ನೀನು ನನ್ನ ಭುಜದ ಮೇಲಿಂದ ಬಗ್ಗಿ ನೋಡ್ದೆ ತಾನೆ?”

“ಅಯ್ಯೋ ಇಲ್ಲ ಕಣಣ್ಣಾ! ಘಾಟಿ ಸುಬ್ಬಪ್ಪನಾಣೆ! ನಾನು ಆ ಕಡೆ ನಿಂತಿದ್ದೆ!”

“ನೋಡ್ದೆ ಕಣ್ಲಾ.”

“ಇಲ್ಲಣ್ಣಾ, ನಾನ್ಯಾಕ್ ನೋಡ್ಲಿ...”

ಒಳಗಿನಿಂದ ಅಮ್ಮ ಬಾಗಿಲಿಗೆ ಬಂದು ನಿಂತಳು. ಸಿದ್ದರಾಜಣ್ಣನನ್ನು ದುರುಗುಟ್ಟಿಕೊಂಡು ನೋಡಿದಳು. ಅವನು ಅಮ್ಮನನ್ನು ನೋಡಿದ, ಅಪ್ಪನನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ತಲೆ ಕೆರೆದುಕೊಂಡ.

“ಈಗ ಜ್ಞಾಪಕ ಬತ್ತೈತೆ ಅಣ್ಣ. ಒಂಚೂರು ನೋಡ್ದೆ ಅನ್ಸುತ್ತೆ.”

“ನಾನ್ ಹೇಳ್ಲಿಲ್ವಾ?” ಎಂದು ಅಪ್ಪ ನನ್ನ ಕಡೆ ತಿರುಗಿದ. “ನಂದೂ ಬದ್ಲಾಯಿಸ್ಬೇಕು. ಬೆಳಿಗ್ಗೆ ವ್ಯಾನ್ನಾಗೆ ಹೋಗ್ಬರ್ತೀನಿ.”

ಅಮ್ಮ, “ಅಲ್ಲಿ ಆ ಬಟನ್ನು ಈ ಬಟನ್ನು ಅಂದ್ರೆ ನಿಮಗೆ ಗೊತ್ತಾಗಲ್ಲ, ನಾನೂ ಬರ್ತೀನಿ” ಎಂದಳು. ಅಮ್ಮನಿಗೆ ಯಾವ ಬಟನ್ನು ಗೊತ್ತು ಹೇಳು? ಅಪ್ಪ ಅದನ್ನು ಕೇಳಲಿಲ್ಲ. “ಮುಂದ್ಗಡೆ ಸೀಟ್ನಾಗೆ ಜಾಗ ಇಟ್ಕೊಳ್ಲಾ” ಎಂದು ಸಿದ್ದರಾಜಣ್ಣನಿಗೆ ಹೇಳಿ ಎದ್ದ. ಅಮ್ಮ ಆಗಲೇ ಹುರುಳಿಕಾಳು ನೆನೆಹಾಕಿದ್ದಾಳೆ, ಬಸ್ಸಾರು ಕಟ್ಟಿಕೊಂಡು ಬರುತ್ತಾಳೆ.

ಅಪ್ಪನ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಾಗ ಅವನು ಬಂದು ಪಕ್ಕದಲ್ಲಿ ನಿಂತ. ಅಲ್ಲಿ ಎಷ್ಟು ಹೊತ್ತಾಗುತ್ತೆ ಎಂದು ಕೇಳಿದ. ಬಟನ್ ಒತ್ತಿದರೆ ಮುಗಿಯಿತು, ಬೇಗ ಆಗುತ್ತೆ ಎಂದೆ. ಅವನ ಮುಖ ಸಣ್ಣದಾಯಿತು. ತಕ್ಷಣ, ಹಾಗಲ್ಲಪ್ಪ, ಅಕ್ಕನ ಹತ್ತಿರ ಯಾವುದೂ ಬೇಗ ಆಗಲ್ಲ, ಕಾಯಬೇಕಾಗುತ್ತೆ ಎಂದೆ. ಕಾದ್ರಾಯ್ತು ಎಂದು ಹೇಳಿ ಹೋದ.

ನಾಳೆ ಎಲ್ಲರದನ್ನೂ ಮುಗಿಸಿ ಅವನದನ್ನು ಕೊನೆಗೆ ಇಟ್ಟುಕೋ ಅಕ್ಕ. ಆದಷ್ಟು ನಿಧಾನ ಮಾಡು.

ನಿನ್ನ ತಂಗಿ,
ಚಂದನ